ಬೆಳ್ಳನ ಕೊಂಬು

ಹೆಗ್ಗರಣೆ
18 ಸೆಪ್ಟೆಂಬರ್ 2025

ಪ್ರೀತಿಯ ಸ್ಫೂರ್ತಿಯ ಅಪ್ಪನಿಗೆ, ನಿಮ್ಮ ಗಂಗೆಯ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಮೊನ್ನೆ ಫೋನಿನಲ್ಲಿ ಕೆಮ್ಮುತ್ತಿದ್ದಿರಿ. ಕೇಳಿದರೆ ‘ಎಂತದೂ ಇಲ್ಲ’ ಎಂದು ಇಟ್ಟುಬಿಟ್ಟಿರಿ. ಆ ರತ್ನಾಗಿರಿಯಲ್ಲಿ ನಿಮಗೆ ಕಾಳುಮೆಣಸಿನ ಕಷಾಯ ಮಾಡಿಕೊಡುವವರು ಯಾರಿದ್ದಾರೆ? ನಾವೆಲ್ಲ ಚೆನ್ನಾಗಿದ್ದೇವೆ. ಸ್ಫೂರ್ತಿಯ ಮುಂದಿನ ಹಲ್ಲು ಬಿದ್ದಿದೆ. ‘ಅಪ್ಪ ಬಂದಮೇಲೇ ಮಾಡಿನ ಮೇಲೆ ಒಗೆಯೂದು’ ಎಂದು ಅದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳೆ. ಮಾವನಿಗೆ ಮಾತ್ರ ಸಂಜೆಯಾದರೆ ಕಣ್ಣು ಮಂಜು. ಎಲ್ಲ ಫೋನಿನಲ್ಲೇ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ನಿಮಗೆ ನಗು ಬರಬಹುದು, ನಾನು ಕೋವಿಮದ್ದು ತುಂಬಿಡುವ ಕೊಂಬು ಮಾಡಿದ್ದೇನೆ. ಜೀವನದಲ್ಲಿ ಮೊದಲನೆಯದು. ಅಜ್ಜನ ಕಾಲದ ಕೊಂಬು ಹುಳು ತಿಂದು ಒಡೆದ ಮೇಲೆ ಮಾವ ಮದ್ದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡುತ್ತಿದ್ದರಲ್ಲ, ಈ ಮಳೆಗಾಲ ಅದು ಒಳಗೇ ಬೆವರಿ ಮದ್ದೆಲ್ಲ ಮುದ್ದೆಯಾಯಿತು. ಹಂದಿಗಳು ಗದ್ದೆಗೆ ಇಳಿದ ದಿನ ಬೆದರಿಸಲು ಗುಂಡಿಲ್ಲದ ಒಂದು ಬರಿ ಈಡೂ ಹಾರಲಿಲ್ಲ. ಕೆಳಗಿನ ಗದ್ದೆ ಅರ್ಧ ಹೋಯಿತು. ಬೆಳೆ ಕಾಯಲೆಂದು ಲೈಸೆನ್ಸ್ ಇರುವ ಕೋವಿ ಗೋಡೆಯ ಮೇಲೆ, ಬೇರೆಯವರ ಮಾವಿನ ತೋಟ ಕಾಯುತ್ತ ನೀವು ಅಲ್ಲಿ, ಗದ್ದೆಯಲ್ಲಿ ಡಬ್ಬ ಬಡಿಯುತ್ತ ನಾನಿಲ್ಲಿ! ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಕೊಂಬನ್ನು ಕೊಂಡು ತರುವಂತಿಲ್ಲ, ನಮ್ಮದೇ ಗದ್ದೆ ಉತ್ತ ಎತ್ತಿನದಾಗಬೇಕು ಎನ್ನುವುದು ನಿಮ್ಮ ಮನೆಯ ಕಟ್ಟಳೆ. ಹೋದ ವರ್ಷ ಸತ್ತಾಗ ಗದ್ದೆಯಂಚಿನಲ್ಲಿ ಹೂತಿದ್ದ ನಮ್ಮ ಎತ್ತು ಬೆಳ್ಳನನ್ನು ಈಗ ಅಗೆದೆವು. ಎರಡೂ ಕೊಂಬು ಎಲುಬಿನಿಂದ ತಾವಾಗಿ ಸಡಿಲಾಗಿದ್ದವು. ಅದರ ಕೊಂಬಿನ ಬುಡವನ್ನು ನೀವು ತುರಿಸುತ್ತಿದ್ದದ್ದು ನೆನಪಾಗಿ ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಮಾವ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಒಂದು ಕೊಂಬನ್ನು ಆರಿಸಿ ನೀರಲ್ಲಿ ಕುದಿಸಿದೆ, ಗಾಜಿನ ಚೂರಿನಿಂದ ಹೆರೆದೆ. ಕಾಯಿಸಿದ ಕಂಬಿಯಿಂದ ತುದಿಗೆ ತೂತು ಕೊರೆಯುವಾಗ ಕೂದಲು ಸುಟ್ಟ ನಾತ. ಪಕ್ಕದ ಮನೆ ದ್ಯಾವಮ್ಮ ಬೇಲಿಯಾಚೆಯಿಂದಲೇ ‘ಎಂತ ಸುಡ್ತಿದ್ಯೇ, ಗಂಡನ ನೆನಪನ್ನ?’ ಎಂದು ಕೂಗಿದಳು. ಅವಳ ಬಾಯಿ ನಿಮಗೆ ಗೊತ್ತಲ್ಲ. ಬುಡಕ್ಕೆ ಹಲಸಿನ ಹಲಗೆ ಕೂರಿಸಿ, ಬಿದಿರಿನ ಮೊಳೆ ಹೊಡೆದು, ಸಂದಿಗೆ ಜೇನುಮೇಣ ತುಂಬಿದೆ. ನೀರು ಹಾಕಿ ತೂಗುಬಿಟ್ಟರೆ ಒಂದು ಹನಿಯೂ ಸೋರಲಿಲ್ಲ. ನಾವು ಗೋಡೆಗೆ ಬರೆಯುವ ಚಿತ್ತಾರದ ಎಳೆಗಳನ್ನೇ ಅದರ ಮೇಲೆ ಸೂಜಿಯಿಂದ ಗೀರಿ ಮಸಿ ತಿಕ್ಕಿದ್ದೇನೆ. ಚೆಂದ ಬಂದಿದೆ, ನಾನೇ ಹೇಳಿಕೊಳ್ಳಬೇಕು.

ಹೆಮ್ಮೆಯಿಂದ ಮಾವನ ಹೆಗಲಿಗೆ ಹಾಕಿದೆ. ಕೂರಲೇ ಇಲ್ಲ. ಹೊಟ್ಟೆಯ ಬಾಗಿಗೆ ಅಂಟಿಕೊಳ್ಳುವ ಬದಲು ತುದಿ ಹೊರಕ್ಕೆ ಚಾಚಿ, ಬಾಗಿಲು ದಾಟುವಾಗ ದಾರಂದಕ್ಕೆ ಸಿಕ್ಕಿಕೊಂಡಿತು. ‘ಎಂತದೇ ಇದು?’ ಎಂದು ಮಾವ ಅದನ್ನು ತೆಗೆದು ಬೆರಳಾಡಿಸಿ ನೋಡಿದರು. ಎತ್ತಿನ ಎರಡು ಕೊಂಬಿನಲ್ಲಿ ಬಲಗೈಯವರಿಗೆ ಒಂದು ಹೊಂದಿದರೆ ಎಡಗೈಯವರಿಗೆ ಇನ್ನೊಂದಂತೆ, ನನಗೇನು ಗೊತ್ತು? ಆರಿಸುವಾಗ ಗೂಟದಲ್ಲಿ ನೇತಾಡುವ ನಿಮ್ಮ ಅಂಗಿಗೆ ಎರಡನ್ನೂ ಹಿಡಿದು ನೋಡಿದ್ದೆ. ನೀವು ಚೀಲ ಇಳಿಬಿಡುವ ಎಡಮಗ್ಗುಲಿಗೆ ಯಾವುದು ಒಪ್ಪಿತೋ ಅದನ್ನೇ ಇಟ್ಟುಕೊಂಡೆ. ಮಾಡುವಷ್ಟು ದಿನವೂ ಕಣ್ಣ ಮುಂದೆ ಇದ್ದವರು ನೀವು. ಕೋವಿ ಹಿಡಿಯುವವರು ಮಾವ ಎನ್ನುವುದೇ ಮರೆತುಹೋಗಿತ್ತು.

‘ಇದು ಎಡಚನ್ದು’ ಎಂದರು ಮಾವ. ಎರಡು ವರ್ಷದ ಹಿಂದೆ ನಿಮ್ಮ ಎಡಹೆಗಲಿನಿಂದ ಕೋವಿ ಕಸಿದುಕೊಂಡು, ‘ಎಡಗೈಲಿ ಕೋವಿ ಹಿಡಿದ್ರೆ ಮನೆಗೆ ಒಳ್ಳೇದಾಗೂದಿಲ್ಲ’ ಎಂದು ಊರೆದುರು ಬೈದವರು ಇವರೇ ತಾನೆ? ನೀವು ಮನೆ ಬಿಟ್ಟದ್ದು ಆ ಸಂಜೆಯೇ. ಕೊಂಬನ್ನು ಅಂಗಳಕ್ಕೆ ಎಸೆಯುತ್ತಾರೆ ಎಂದುಕೊಂಡೆ. ಎಸೆಯಲಿಲ್ಲ, ಮಡಿಲಲ್ಲಿಟ್ಟುಕೊಂಡು ಕೂತರು. ಇನ್ನೊಂದು ಕೊಂಬಿದೆ, ನಿಮಗೆ ಬೇರೆ ಮಾಡಿಕೊಡುತ್ತೇನೆ ಮಾವ, ಎಂದೆ.

ನನಗಂತೂ ನಿಮ್ಮನ್ನು ನೋಡಬೇಕು ಅನ್ನಿಸಿದೆ, ಬಹಳ ಅನ್ನಿಸಿದೆ. ಸಂಜೆ ಬಸ್ಸಿನ ಸದ್ದಾದರೆ ಸ್ಫೂರ್ತಿಗಿಂತ ಮೊದಲು ನಾನೇ ಅಂಗಳಕ್ಕೆ ಓಡುತ್ತೇನೆ. ಇಳಿಯುವವರು ಯಾರ್‍ಯಾರೋ. ಬನ್ನಿ ಎಂದು ಕರೆಯಲು ನನಗೆ ಧೈರ್ಯವಿಲ್ಲ, ಕರೆಯಬೇಕಾದವಳು ನಾನಲ್ಲ, ಮಾವ, ಎಂದು ನೀವು ಆವತ್ತೇ ಹೇಳಿ ಹೋಗಿದ್ದೀರಿ.

ಕೆಮ್ಮಿಗೆ ಔಷಧಿ ತಗೊಳ್ಳಿ, ತಣ್ಣೀರು ಮೀಯಬೇಡಿ. ಹಲ್ಲಿಲ್ಲದ ಮಗಳ ಮುತ್ತು ಈ ಕಾಗದದ ಜೊತೆಗಿದೆ.

ನಿಮ್ಮ ದಾರಿ ನೋಡುವ,
ಗಂಗೆ

ತಾ.ಕ.: ಲಕೋಟೆ ಅಂಟಿಸಲು ಹೊರಟಿದ್ದೆ, ಮಾವ ದಾರ ಪೋಣಿಸಿಕೊಡು ಎಂದು ಕರೆದರು. ಜಗಲಿಯಲ್ಲಿ ಕೂತು ಆ ಕೊಂಬಿಗೇ ಚರ್ಮದ ಪಟ್ಟಿ ಹೊಲಿಯುತ್ತಿದ್ದಾರೆ. ಅಳತೆಗೆ ನಿಮ್ಮ ಅಂಗಿಯನ್ನು ಗೂಟದಿಂದ ಇಳಿಸಿಕೊಂಡಿದ್ದಾರೆ. ‘ಆಯುಧಪೂಜೆಗೆ ಕೋವಿ ಇಡೂಕೆ ನನ್ನ ಮಗ ಮಾದೇವನೇ ಬರ್ಲಿ ಅಂತ ಬರಿ. ನಾ ಹೇಳ್ದೆ ಅಂತ್ಲೇ ಬರಿ’ ಎಂದರು. ಬರೆದಿದ್ದೇನೆ.