ಮುಂದಿನ ಗಾಲಿ ತೂಗಿ, ಮೊಣ್ಣಪ್ಪಣ್ಣನ ಲಾರಿ ಬಿಡಿ

ತೂಕದ ಕಟ್ಟೆಗಳ ಮೇಲಧಿಕಾರಿಗಳಾದ ಮಾನ್ಯರೇ,

ನಿಮ್ಮ ಪ್ರಶಂಸಾ ಪತ್ರ ತಪ್ಪು ಮನುಷ್ಯನ ಕೈ ಸೇರಿದೆ. ಅದರ ದೆಸೆಯಿಂದ ತಪ್ಪು ಮಾಡದ ಲಾರಿಯೊಂದು ಹನ್ನೊಂದು ದಿನದಿಂದ ಕುಟ್ಟದ ರಸ್ತೆಬದಿಯಲ್ಲಿ ನಿಂತಿದೆ. ಇವನಿಗೆ ಹೊಟ್ಟೆಕಿಚ್ಚು ಎನ್ನುತ್ತೀರಿ. ಹೌದು, ಇದೆ. ಹೊಟ್ಟೆಕಿಚ್ಚಿನವನು ಹೇಳಿದ ಮಾತ್ರಕ್ಕೆ ತೂಕ ಸುಳ್ಳಾಗುತ್ತದೆಯೇ?

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಕಟ್ಟೆ ಹತ್ತಿದ ಲಾರಿ ಜಾರದಂತೆ ಗಾಲಿಗೆ ಅಡ್ಡಗಲ್ಲು ಇಡುವುದು ನನ್ನ ಉದ್ಯೋಗ. ಕಟ್ಟೆಯ ಉದ್ದ ಕಡಿಮೆ, ಇಡೀ ಲಾರಿ ಹಿಡಿಯದು; ಮೊದಲು ಮುಂದಿನ ಗಾಲಿ, ಆಮೇಲೆ ಹಿಂದಿನದು ತೂಗಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಗುಮಾಸ್ತ ಪರಮೇಶಪ್ಪನವರು ಎರಡನ್ನೂ ಕೂಡಿಸಿ ಪುಸ್ತಕದಲ್ಲಿ ಒಂದೇ ಅಂಕಿ ಬರೆಯುತ್ತಾರೆ. ಖಾಲಿ ಲಾರಿಗಳ ಎರಡೂ ಅಂಕಿಗಳನ್ನು ನಾನು ಇದ್ದಿಲಲ್ಲಿ ಗೋಡೆಯ ಮೇಲೆ ಬರೆದಿಡುತ್ತಿದ್ದೆ.

"ಏನಯ್ಯಾ, ಹಾಲಿನವಳ ಲೆಕ್ಕವೋ?" ಎಂದು ಅವರು ನಕ್ಕರು.

"ಅಲ್ಲ ಸಾರ್, ಲಾರಿಗಳ ಜಾತಕ," ಎಂದೆ.

ಮರ ಸಾಗಿಸುವ ಖಾಲಿ ಲಾರಿಯೊಂದು ಸೋಮವಾರ ಮುಂದಿನ ಗಾಲಿಯಲ್ಲಿ ಸಾವಿರದ ಒಂಬೈನೂರು ಕಿಲೋ ತೂಗಿತು. ಬುಧವಾರ ಅದೇ ನಂಬರಿನದು ಸಾವಿರದ ಆರುನೂರು. ಎರಡೇ ದಿನಕ್ಕೆ ಎಂಜಿನ್ನು ಉಪವಾಸ ಬಿದ್ದು ಸೊರಗಿತೇ? ಶುಕ್ರವಾರ ಮತ್ತೆ ಬೇರೆಯೇ ಅಂಕಿ. ಒಂದು ಪರ್ಮಿಟ್ಟು, ಒಂದು ನಂಬರು, ಲಾರಿ ಮೂರು! ನಾನು ಗುಮಾಸ್ತರಿಗೆ ಹೇಳಿದೆ, ಅವರು ನಿಮಗೆ ಹೇಳಿದರು. ತಾವು ದಯಮಾಡಿಸುತ್ತೀರೆಂದು ಗೋಡೆಗೆ ಸುಣ್ಣ ಹೊಡೆಸಿದರು. ನನ್ನ ಅಂಕಿಗಳಿದ್ದ ಜಾಗದಲ್ಲೇ ಈಗ ನಿಮ್ಮ ಪತ್ರ ಗಾಜು ಹಾಕಿಸಿಕೊಂಡು ತೂಗುತ್ತಿದೆ. ಕಲ್ಲು ಎತ್ತುವಾಗಲೆಲ್ಲ ಆ ಗಾಜಿನಲ್ಲಿ ನನ್ನ ಮುಖ ನೋಡಿಕೊಳ್ಳುತ್ತೇನೆ. ಚೆನ್ನಾಗಿ ಕಾಣುವುದಿಲ್ಲ.

ಆಮೇಲೆ ಬಂದದ್ದು ಕಿತ್ತಳೆ ಸಾಗಿಸುವ ಮೊಣ್ಣಪ್ಪಣ್ಣನ ಖಾಲಿ ಲಾರಿ. ಪುಸ್ತಕದ ಹಳೆಯ ಅಂಕಿಗಿಂತ ಇನ್ನೂರು ಕಿಲೋ ಹೆಚ್ಚು. "ನಂಬರು ಬದಲಾಯಿಸಿದ್ದಾನೆ," ಎಂದು ಗುಮಾಸ್ತರು ತಡೆದರು. ಆತ ಹೊಸ ಮರದ ಬಾಡಿ ಕಟ್ಟಿಸಿದ್ದ, ಅಷ್ಟೇ. ಆ ಭಾರ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಸುಣ್ಣದಡಿ ಹೋದ ಅದರ ಮುಂದಿನ ಗಾಲಿಯ ಅಂಕಿ ನನಗೆ ಬಾಯಿಪಾಠ, ಸಾವಿರದ ಏಳುನೂರು; ಈಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

"ದಿನಾ ಕಲ್ಲಿಡ್ತೀಯಲ್ಲ ಮಾರಾಯ, ಇದು ನನ್ನ ಲಾರಿಯೇ ಅಂತ ಒಂದು ಮಾತು ಹೇಳು," ಎಂದ ಮೊಣ್ಣಪ್ಪಣ್ಣ.

ನಾನು ಹೇಳಲಿಲ್ಲ. ಪರಮೇಶಪ್ಪನವರಿಗೆ ಅರ್ಧ ವಿದ್ಯೆಯನ್ನಷ್ಟೇ ಕಲಿಸಿದ್ದೆ: ಖಾಲಿ ತೂಕ ಬದಲಾದರೆ ಲಾರಿ ಬೇರೆ ಎಂದಿದ್ದೆ, ಮುಂದಿನ ಗಾಲಿಯನ್ನೇ ನೋಡಬೇಕೆಂದು ಹೇಳಿರಲಿಲ್ಲ. ಅವರು ನಿಮ್ಮೆದುರು ಎಡವಲಿ ಎಂದು ಕಾದೆ. ತೋಟದಲ್ಲಿ ಕಿತ್ತಳೆ ಉದುರಿ ಕೊಳೆಯುತ್ತಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ಈ ಪತ್ರ ಕಂಡ ದಿನವೇ ಮುಂದಿನ ಗಾಲಿ ಮಾತ್ರ ತೂಗಿಸಿ, ಲಾರಿ ಬಿಡಿಸಿ. ಪುಸ್ತಕದಲ್ಲಿ ಎರಡು ಅಂಕಿಗೆ ಎರಡು ಮನೆ ಗೆರೆ ಹಾಕಿಸಿ. ಗುಮಾಸ್ತರ ಕುರ್ಚಿ ಕೇಳಬೇಕೆಂದಿದ್ದೆ. ಹನ್ನೊಂದು ದಿನ ಸುಮ್ಮನಿದ್ದವನು ಯಾವ ಬಾಯಲ್ಲಿ ಕೇಳಲಿ? ಪ್ರಶಂಸಾ ಪತ್ರವೂ ಪರಮೇಶಪ್ಪನವರಲ್ಲೇ ಇರಲಿ. ಈ ಒಂದು ಸಾಲು ಬರೆಯಲು ನಾನು ಮೂರು ಸಲ ಶಾಯಿ ಅದ್ದಿದೆ.

ಇಂತಿ,
ಹೊಟ್ಟೆಕಿಚ್ಚು ಇನ್ನೂ ಆರದ,
ಅಡ್ಡಗಲ್ಲಿನ ಸೋಮಯ್ಯ
ಕುಟ್ಟ, ಕೊಡಗು