ತೊಡೆಗೆ ನಟಿಸಲು ಬರುವುದಿಲ್ಲ

ಮಾರ್ಚ್ ೩, ಸೋಮವಾರ
ಎಂದಿನಂತೆ ಆಸ್ಪತ್ರೆಯ ಲ್ಯಾಬ್. ನಿಂತಲ್ಲೇ ತುಳಿಯುವ ಪರೀಕ್ಷೆಯ ಸೈಕಲ್ ಒರೆಸಿದೆ, ಸೆನ್ಸರ್ ಕಟ್ಟುವ ಪಟ್ಟಿಗಳನ್ನು ತೊಳೆದೆ. ಇಂದಿನ ಮೊದಲ ರೋಗಿ ನನ್ನ ಗಂಡ ಯೋರಿಸ್. ಮನೆಯಲ್ಲಿ ನೋಡಿದ್ದು ಸಾಲದೆಂದು ಇಲ್ಲೂ. ಹೃದಯಾಘಾತದ ನಂತರ ಮೊದಲ ಪರೀಕ್ಷೆ.

ಯೋರಿಸ್‌ನ ತೊಡೆಗೆ ಸೆನ್ಸರ್ ಕಟ್ಟಿದೆ. ಚರ್ಮದೊಳಗೆ ಬೆಳಕು ಬಿಟ್ಟು, ಸ್ನಾಯುವಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ತೋರಿಸುವ ಡಬ್ಬಿ. ಸೈಕಲ್ ರೇಸಿನವರ ಹಾಗೆ ಕಾಲು ನುಣ್ಣಗೆ ಬೋಳಿಸಿಕೊಂಡೇ ಬಂದಿದ್ದ. ರೇಸ್ ಬಿಟ್ಟು ಯಾವ ಕಾಲವಾಯಿತೋ, ರೇಜರ್ ಬಿಟ್ಟಿಲ್ಲ.

ಒಂದೇ ಸಮ ತುಳಿಯಬೇಕು. "ಎಷ್ಟು ಕಷ್ಟ ಆಗ್ತಿದೆ?" ಅಂದರು ಡಾಕ್ಟರ್ ಕಾತ್ಲೇನ್.
"ಇದಾ? ಬೇಕರಿಗೆ ಹೋಗಿ ಬಂದಷ್ಟು, ಡಾಕ್ಟ್ರೇ."
ಬಾಯಿ ಮುಚ್ಚಿ ಮೂಗಲ್ಲೇ ಉಸಿರು. ನಗು ಬೇರೆ. ಪರದೆಯಲ್ಲಿ ಆಮ್ಲಜನಕದ ಗೆರೆ ಇಳಿದು ಒಂದು ಕಡೆ ನಿಲ್ಲಬೇಕಿತ್ತು... ಇಳಿಯುತ್ತಲೇ ಹೋಯಿತು. ನಾನು ಕೂಗುವಷ್ಟರಲ್ಲಿ ಹ್ಯಾಂಡಲ್ ಮೇಲೆ ಒರಗಿದ್ದ.

ಮಾರ್ಚ್ ೪
ತಲೆ ಸುತ್ತಿದ್ದಷ್ಟೇ. ಆದರೆ ಡಾಕ್ಟರ್ ಖಡಕ್: "ನಿಜ ಹೇಳೋದು ಕಲೀರಿ. ಇಲ್ದಿದ್ರೆ ಸೈಕಲ್ ಮಾರಿಬಿಡಿ, ರಸ್ತೆಗೆ ಬಿಡಲ್ಲ."
ರಾತ್ರಿ ಯೋರಿಸ್ ಸೂಪ್ ಮುಟ್ಟಲಿಲ್ಲ.
"ಏದುಸಿರು ಕಂಡ್ರೆ ಪಕ್ಕದವ್ನು ನಮ್ಮನ್ನ ಬಿಟ್ಟು ಹೋಗ್ತಾನೆ ಕಣೇ. ರೇಸಲ್ಲಿ ಮೊದ್ಲು ಕಲಿಯೋದೇ ಅದು."
"ಪಕ್ಕದಲ್ಲಿರೋದು ನಾನು. ಬಿಟ್ಟು ಎಲ್ಲಿಗೆ ಹೋಗ್ಲಿ?"
ಸೂಪ್ ಕುಡಿದ.

ಮಾರ್ಚ್ ೨೦
ಹೊಸ ಪದ್ಧತಿ. ಸ್ವಲ್ಪ ಹೊತ್ತು ಜೋರು, ಅಷ್ಟೇ ಹೊತ್ತು ಹಗುರ. ಗೆರೆ ಈಗ ಗರಗಸದ ಹಲ್ಲು. ಜೋರಾಗಿ ತುಳಿದಾಗ ಸ್ನಾಯು ಇದ್ದ ಆಮ್ಲಜನಕವನ್ನೆಲ್ಲ ಬಳಿದುಕೊಳ್ಳುತ್ತದೆ. ಬಿಡುವು ಸಿಕ್ಕರೆ ರಕ್ತ ಮತ್ತೆ ತಂದು ಸುರಿಯುತ್ತದೆ.
ತುಳಿದರೆ ಇಳಿತ, ಬಿಟ್ಟರೆ ಭರ್ತಿ;
ಗಂಡನಿಗಿಂತ ತೊಡೆಗೇ ಕೀರ್ತಿ.

"ಎಷ್ಟು ಕಷ್ಟ?" ಅಂದೆ.
"ಬೇಕರಿ."
ಪರದೆಯನ್ನು ಅವನ ಕಡೆ ತಿರುಗಿಸಿದೆ. ತಳ ಮುಟ್ಟಿದ ಗೆರೆ ನೋಡಿದ. "ಚಾಡಿಕೋರ ಕಾಲು," ಎಂದ.

ಏಪ್ರಿಲ್ ೨೭, ಭಾನುವಾರ
ಸೈಕಲ್ ಹೊರಗೆ ತೆಗೆಯಲು ಅನುಮತಿ ಸಿಕ್ಕಿತು. ಕಾಲುವೆ ದಂಡೆ ಮಾತ್ರ, ನನ್ನ ಜೊತೆ ಮಾತ್ರ. ಸೆನ್ಸರ್ ಇಲ್ಲ — ಅವನ ಬಾಯಿಯನ್ನೇ ನಂಬಬೇಕು.
ಎದುರುಗಾಳಿ. ಅವನು ಮುಂದೆ, ನಾನು ಹಿಂದೆ. ಮದುವೆಯಾದಾಗಿನಿಂದ ಮುಂದಿದ್ದು ಗಾಳಿ ತಡೆಯುವುದು ಅವನ ಪಾಲು. ಅಷ್ಟರಲ್ಲಿ ಹಿಂದಿನಿಂದ ಅವನ ಹಳೆಯ ಕ್ಲಬ್ಬಿನ ಗುಂಪು.
"ಏನೋ ಯೋರಿಸ್, ಬರ್ತೀಯೋ, ಹೆಂಡ್ತೀನ ಕೇಳ್ಬೇಕೋ?" ಹೆರ್ಮನ್ನನ ಗಂಟಲು.
ಯೋರಿಸ್‌ನ ಬೆನ್ನು ಬಾಗಿತು. ಬಾಯಿ ಮುಚ್ಚಿತು. ಚಕ್ರ ಜೋರಾಯಿತು.
ಆಮೇಲೆ ಒಂದು ಕೈ ಎತ್ತಿದ. ಎಲ್ಲರಿಗೂ ಕೇಳುವಂತೆ: "ಆಗಲ್ಲ ಕಣ್ರೋ, ಉಸಿರು ಸಾಲ್ತಿಲ್ಲ. ನಡೀರಿ ನೀವು."
ಗುಂಪು ಹೋಯಿತು. ಪಕ್ಕಕ್ಕೆ ಸರಿದ. "ಮಿಕೆ... ಸ್ವಲ್ಪ ಮುಂದೆ ಹೋಗೇ. ಗಾಳಿ ತಡಿ."
ಹೋದೆ. ಹಿಂದೆ ಅವನ ಏದುಸಿರು — ಬಾಯಿ ತೆರೆದು, ನಾಚಿಕೆ ಬಿಟ್ಟು. ಮನೆವರೆಗೂ ಕೇಳಿಸಿಕೊಳ್ಳುತ್ತಾ ಬಂದೆ.
ಈಗ ಸೋಫಾದಿಂದ ಕರೆಯುತ್ತಿದ್ದಾನೆ. ಕಾಲು ನೋಯುತ್ತಿದೆಯಂತೆ. ನೋಯುತ್ತಿದೆಯಂತೆ! ಈ ಮನೆಯಲ್ಲಿ ಆ ಮಾತು ಕೇಳಿದ್ದು ಇದೇ ಮೊದ—