ಹೊಸ ರಸ್ತೆಯ ಕೆಳಗಿನ ಹಳೆಯ ಪೈಪು

ಮಾನ್ಯರೇ,

ವಿಜಯಪುರದ ಮನೆಮನೆಗೆ ನೀರು ಕಳಿಸುವ ಕಚೇರಿಯ ಹಿರಿಯ ಅಧಿಕಾರಿಗಳೇ, ಜೋರಾಪುರ ಪೇಟೆಯ ನಮ್ಮ ಓಣಿಗೆ ತಾವು ನೀರಿನ ಜೊತೆ ಗಟಾರವನ್ನೂ ಕಳಿಸುತ್ತಿದ್ದೀರಿ. ತುಕ್ಕು ತಿಂದ ಕಬ್ಬಿಣದ ಪೈಪು ಗಟಾರದೊಳಗಿಂದಲೇ ಹಾದು ಬರುತ್ತದೆ. ಅದು ನನ್ನ ಅಜ್ಜನ ಕಾಲದಲ್ಲಿ ಹೂತ ಪೈಪು. ಅಜ್ಜ ನಿವೃತ್ತರಾಗಿ, ತೀರಿಯೂ ಹೋದರು. ಪೈಪಿನ ಸೇವಾವಧಿಯನ್ನು ಮಾತ್ರ ತಾವು ವಿಸ್ತರಿಸುತ್ತಲೇ ಇದ್ದೀರಿ.

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕ ಶರ್ವರಿ ಚೊಚ್ಚಲ ಹೆರಿಗೆಗೆಂದು ಹೊನವಾಡದಿಂದ ತವರಿಗೆ ಬಂದಳು. ಹಳ್ಳಿಗಿಂತ ಶಹರದಲ್ಲಿ ಸೌಕರ್ಯ ಹೆಚ್ಚೆಂದು ಭಾವನೇ ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದರು. ಅದೇ ವಾರ ನಳದ ನೀರು ನಾರತೊಡಗಿತು. ನಮ್ಮವ್ವ ರಾಧಾಬಾಯಿ ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ತಮ್ಮ ಕಚೇರಿಗೆ ಬಂದಳು. ತಮ್ಮವರು ಬಂದು ಅಗೆದರು, ಸೋರುವಲ್ಲಿ ರಬ್ಬರ್ ಪಟ್ಟಿ ಸುತ್ತಿ ಮಣ್ಣು ಮುಚ್ಚಿದರು, ಇನ್ನು ಧೈರ್ಯವಾಗಿ ಕುಡಿಯಿರಿ ಎಂದು ಹೇಳಿ ಹೋದರು. ನೀರು ತಿಳಿಯಾಗಿಯೇ ಬಂತು. ತಿಳಿನೀರನ್ನು ಯಾರು ಅನುಮಾನಿಸುತ್ತಾರೆ?

ಕೆಲವೇ ವಾರಗಳಲ್ಲಿ ಅಕ್ಕನ ಕಣ್ಣು ಹಳದಿಯಾದವು. ಕೆಟ್ಟ ನೀರಿನಿಂದ ಬಂದ ಕಾಮಾಲೆ, ಬಸುರಿಯರಿಗೆ ಇದು ಬಹಳ ಅಪಾಯ ಎಂದರು ಡಾಕ್ಟರು. ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣುಕೂಸು. ವಿಚಾರಿಸಲು ಬಂದ ತಮ್ಮ ಎಂಜಿನಿಯರ್ ಸಾಹೇಬರು, ನೀರು ಕುದಿಸಿ ಕುಡಿಯಬೇಕಿತ್ತೆಂದು ನಮಗೇ ಬುದ್ಧಿ ಹೇಳಿದರು. ಹೌದು, ಪೈಪು ಬದಲಿಸುವುದಕ್ಕಿಂತ ನೀರು ಕುದಿಸುವುದು ಸುಲಭ, ಕುದಿಸುವವರು ನಾವಲ್ಲವೇ?

ಮಳೆಗಾಲ ಮುಗಿದ ಮೇಲೆ ಓಣಿಗೆ ಕಾಂಕ್ರೀಟ್ ರಸ್ತೆ ಬಂತು, ಅದೇ ಪೈಪಿನ ಮೇಲೆ. ಅವ್ವ ಯಂತ್ರದ ಮುಂದೆ ಹೋಗಿ ನಿಂತಳು. ಮೊದಲು ಪೈಪು ಬದಲಿಸಿ, ಆಮೇಲೆ ರಸ್ತೆ ಹಾಕಿ ಎಂದಳು. ರಸ್ತೆಯ ಕೆಲಸವೇ ಬೇರೆ, ಪೈಪಿನ ಕೆಲಸವೇ ಬೇರೆ, ಪೈಪಿನದು ಇನ್ನೂ ಮಂಜೂರಾಗಿಲ್ಲ ಎಂದು ಗುತ್ತಿಗೆದಾರರು ವಿನಯದಿಂದ ವಿವರಿಸಿದರು.

"ನನ್ನ ಮೊಮ್ಮಗಳು ಹೋದ್ಲರಿ," ಎಂದಳು ಅವ್ವ. "ಆಕಿ ಯಾವ ಕೆಲಸದಾಗ ಬರ್ತಾಳ?"

ಅವರ ಆಳುಗಳಿಬ್ಬರು ಅವಳ ತೋಳು ಹಿಡಿದು ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿದರು. ಸಂಜೆಯೊಳಗೆ ರಸ್ತೆ ಮುಗಿಯಿತು. ನಿಜಕ್ಕೂ ಅಂದವಾಗಿದೆ, ಒಮ್ಮೆ ಬಂದು ನೋಡಿ.

ಈಗ ಎದುರು ಮನೆಯ ಪೀರಾಂಬಿಯವರ ಸೊಸೆ ಗರ್ಭಿಣಿ. ಮೊನ್ನೆಯಿಂದ ಅವರ ನಳದಲ್ಲೂ ಅದೇ ವಾಸನೆ. ಅವ್ವ ದಿನಾಲೂ ನೀರು ಕುದಿಸಿ, ಆರಿಸಿ, ಆ ಹುಡುಗಿಗೆ ಒಯ್ದು ಕೊಡುತ್ತಾಳೆ. ನಮಗೆ ರಬ್ಬರ್ ಪಟ್ಟಿ ಬೇಡ, ಸಾಂತ್ವನವೂ ಬೇಡ. ಆಕೆಯ ಹೆರಿಗೆಗೆ ಮೊದಲು ಆ ಅಂದದ ರಸ್ತೆಯನ್ನು ಒಡೆಯಿರಿ, ಪೈಪು ಬದಲಿಸಿ. ಧೂಳನ್ನು ಎಷ್ಟಾದರೂ ನುಂಗುತ್ತೇವೆ.

ಇಂತಿ,
ಅಕ್ಕನ ಕೂಸಿನ ಬಾಯಲ್ಲಿ ಮಾವಶಿ ಎನಿಸಿಕೊಳ್ಳದೇ ಉಳಿದ
ಮೃಣಾಲ
ಜೋರಾಪುರ ಪೇಟೆ